ಎರಡು ಪದರಗಳ ಸಂದಿಯಲ್ಲಿ

ಮಾಘದ ಚಳಿ, ಬಿಸಿಲು ಇನ್ನೂ ಕಿಟಕಿಗೆ ಬಂದಿರದ ಹೊತ್ತು. ಆಗ ನನ್ನ ಬಾಳು ಶುರುವಾಯಿತು. ನಾನು ಒಂದು ಎಲೆಕ್ಟ್ರಾನ್. ಗಾಳಿ ತೆಗೆದ ಉಕ್ಕಿನ ಪಾತ್ರೆಯೊಳಗೆ ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್‌ಗಳ ಆವಿ ಪದರದ ಮೇಲೆ ಪದರವಾಗಿ ಕೂತಿತು. ಉಗುರಗಲದ ಅರೆವಾಹಕದ ಚೂರು ಸಿದ್ಧವಾಯಿತು. ಅದರ ಎರಡು ಪದರಗಳ ಸಂದಿಯಲ್ಲಿ ನಾನು ಸಿಕ್ಕಿಬಿದ್ದೆ. ಅತ್ತಿತ್ತ ಎಷ್ಟಾದರೂ ಓಡಬಹುದು; ಮೇಲೆ ಹತ್ತುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ.

ನಮಗೆ ಹುಟ್ಟಿನಿಂದಲೇ ಒಂದು ಗಿರಕಿ ಉಂಟು. ಅದನ್ನು ಸ್ಪಿನ್ ಎನ್ನುತ್ತಾರೆ. ನನ್ನ ಸೆರೆಯ ಒಂದು ಗೋಡೆ ಕಡಿದು, ಇನ್ನೊಂದು ಇಳಿಜಾರು. ಆ ಓರೆಯ ದೆಸೆಯಿಂದ, ಓಡುವ ದಿಕ್ಕು ಗಿರಕಿಯನ್ನೂ ಹಿಡಿದು ಎಳೆಯುತ್ತದೆ. ಜೊತೆಗೇ ಓಡುವ ಇಬ್ಬರಲ್ಲಿ ಬಲಗಿರಕಿಯದಕ್ಕೆ ಶಕ್ತಿ ತುಸು ಹೆಚ್ಚು, ಎಡಗಿರಕಿಯದಕ್ಕೆ ತುಸು ಕಡಿಮೆ. ಒಂದೇ ಮನೆಯಲ್ಲಿ ಎರಡು ಪಂಕ್ತಿ.

ಆ ಎರಡು ಪಂಕ್ತಿ ಕಾಣಲೆಂದು ಮಹಾನಂದಾ ಎಂಬ ಹುಡುಗಿ ಧಾರವಾಡದ ಕಡೆಯ ಒಂದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತಳು. ನನ್ನನ್ನು ದ್ರವ ಹೀಲಿಯಂನ ಚಳಿಗೆ ಇಳಿಸಿ ಅಯಸ್ಕಾಂತದ ಬಲ ಏರಿಸುವಳು. ಪರದೆಯ ಮೇಲೆ ಅಲೆ ಮೂಡುವುದು. ಪಂಕ್ತಿ ಎರಡಿದ್ದರೆ ಅಲೆ ನಡುವೆ ಬಡವಾಗಿ ಮತ್ತೆ ದಪ್ಪವಾಗಬೇಕು. ಆಗುತ್ತಿರಲಿಲ್ಲ. ಈ ಸಲವೂ ಕಾಣದಿದ್ದರೆ ವಿಷಯ ಬಿಟ್ಟುಬಿಡು ಎಂದು ಅವಳ ಗೈಡ್ ಹೇಳಿದ್ದರು. ಅವಳೂ ನನ್ನ ಹಾಗೆಯೇ ಸಿಕ್ಕಿಕೊಂಡಿದ್ದಳು.

ನಮಗೆ ಬೆಳಕು ತಾಗಬಾರದೆಂದು ಹೀಲಿಯಂ ಪಾತ್ರೆಯ ಗಾಜಿನ ಕಿಂಡಿಗೆ ಕಪ್ಪು ಬಟ್ಟೆ ಕಟ್ಟಿದ್ದಳು. ಅಂದು ಆಯುಧಪೂಜೆ. ಅವಳು ಚಹಾಕ್ಕೆ ಹೋದಾಗ, ಹೀಲಿಯಂ ತುಂಬುವ ಮಲಕಾಜಪ್ಪ ಬಂದು ಬಟ್ಟೆ ಬಿಚ್ಚಿ, ಕಿಂಡಿಯ ಅಂಚಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ.

ಮಹಾನಂದಾ ಬಂದವಳೇ ಚೀರಿದಳು. "ಕಾಕಾ! ಬಟ್ಟಿ ಯಾಕ ತಗದ್ರಿ?"

"ಪೂಜಿ ದಿನ ದೇವರಿಗೆ ಮುಸುಕು ಹಾಕಿ ಕುಂದರಸ್ತಾರೇನವಾ?"

"ದೇವರಲ್ಲ ಕಾಕಾ, ಅದು ನನ್ನ ಪಿಎಚ್‌ಡಿ!"

"ಹಂಗಾರ ಇನ್ನೆರಡು ಹೂ ಏರಸ್ತೀನಿ ತಡಿ."

ಬೆಳಕು ಒಳಗೆ ಬಂದಾಗಿತ್ತು. ಆಚೆಯ ಪದರದಲ್ಲಿ ಕಟ್ಟಿಬಿದ್ದಿದ್ದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಓಡಿಬಂದವು. ಬಂದದ್ದು ನಮ್ಮ ಸೆರೆಗೇ. ನೂಕುನುಗ್ಗಲು. ಗೋಡೆಯ ಓರೆ ಇನ್ನಷ್ಟು ಹೆಚ್ಚಿ, ಎರಡು ಪಂಕ್ತಿಗಳ ಅಂತರವೂ ಹಿಗ್ಗಿತು. ಬೆಳಕಿನ ಪರಿಣಾಮ ಅಳಿಸಲು ನಮ್ಮನ್ನು ಬೆಚ್ಚಗೆ ಮಾಡಿ ಮತ್ತೆ ತಣಿಸೋಣವೆಂದರೆ ಅಷ್ಟು ಹೀಲಿಯಂ ಇರಲಿಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತಲೇ ಅಳೆದಳು. ಅಲೆ ಬಡವಾಯಿತು. ಮತ್ತೆ ದಪ್ಪವಾಯಿತು.

ಅವಳು ಎದ್ದು ಪಾತ್ರೆಯ ಹತ್ತಿರ ಬಂದಳು. ಕಿಂಡಿಯ ಕುಂಕುಮವನ್ನು ಬೆರಳಿಗೆ ತೆಗೆದು ಹಣೆಗಿಟ್ಟುಕೊಂಡಳು.

ಈಗ ನಮ್ಮ ಚೂರು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೀರುವಿನ ಮೂಲೆಯಲ್ಲಿದೆ. ನಾನಿನ್ನೂ ಅದೇ ಸಂದಿಯಲ್ಲಿ ಓಡುತ್ತೇನೆ, ಎಡವುತ್ತೇನೆ. ಗೋಡೆ ಓರೆಯಿದ್ದುದಕ್ಕೇ ನನ್ನ ಗಿರಕಿ ಒಬ್ಬರ ಕಣ್ಣಿಗೆ ಬಿತ್ತು. ಅದೇ ಗೋಡೆ ನನ್ನನ್ನು ಬಿಡುವುದೂ ಇಲ್ಲ.

ಪಿಎಚ್‌ಡಿ ಮುಗಿಸಿ ಹೊರಟ ಮಹಾನಂದಾ ಈ ಡಬ್ಬಿ ಮುಚ್ಚುವಾಗ ಮಲಕಾಜಪ್ಪ ಅಂದಿದ್ದ: "ಯುಗಾದಿ ಮರುದಿನ, ಕರಿ, ಒಳ್ಳೇ ದಿನ ಅಲ್ಲ. ಇವತ್ತು ಯಾರರ ಊರು ಬಿಡ್ತಾರೇನ ತಂಗಿ? ನಾಳೆ ಹೋಗು."

"ಕಾದದ್ದು ಸಾಕು ಕಾಕಾ."

ಮಹಾನಂದಾ ಹೋದಳು. ಕರಿಯ ದಿನ, ಅದೂ ಮಂಗಳವಾರ.