ಮೂಳೆಸಾರು ಇಟ್ಟವಳು

ಮಾಂಸದಂಗಡಿಯವನು ಗರಗಸ ನಿಲ್ಲಿಸಿ ತಲೆಯೆತ್ತಿ ನಕ್ಕ. "ಇಷ್ಟೊಂದು ಕಾಲ್ಮೂಳೆ! ಏನ್ ಬೊರಾ ಅಮ್ಮಾ, ಯಾವೂರಿಗೆ ಸವಾರಿ?"

ಹಿಂದೆ ನಿಂತಿದ್ದ ಹೆಂಗಸರಿಗೂ ನಗು. "ಪಾಪ, ಮನೆಯವರಿಗೆ ಹೇಳಿದ್ದೀರೋ ಇಲ್ವೋ? ಹಂಡೆ ನೋಡಿದ್ಮೇಲೇ ಅವರ ಮುಖ ಸಣ್ಣಗಾಗೋದು," ಎಂದಳು ಒಬ್ಬಳು. "ನಮ್ಮನೆಯವರಂತೂ ಈ ಸಾರಿನ ವಾಸ್ನೆ ಬಂತು ಅಂದ್ರೆ ಸಾಕು, ನನ್ನ ಸೂಟ್‌ಕೇಸ್ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡ್ತಾರೆ," ಎಂದಳು ಇನ್ನೊಬ್ಬಳು.

ಕೊರಿಯಾದ ಇಂಚಿಯಾನಿನ ಆ ಹಳೇ ಮಾರುಕಟ್ಟೆಯಲ್ಲಿ ಈ ತಮಾಷೆಗೆ ವಯಸ್ಸೇ ಆಗುವುದಿಲ್ಲ. ಹೆಂಡತಿ ನಾಲ್ಕು ದಿನ ಹೊರಗೆ ಹೋಗಬೇಕೆಂದರೆ ಹಂಡೆ ತುಂಬ ದನದ ಮೂಳೆಸಾರು ಕಾಯಿಸಿಟ್ಟು ಹೋಗಬೇಕು. ಗಂಡ ಅದನ್ನು ಬಿಸಿ ಮಾಡಿ, ಅನ್ನ ಮುಳುಗಿಸಿಕೊಂಡು, ಅವಳು ಬರುವವರೆಗೆ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಹೆಂಗಸು ಹೊಸ್ತಿಲು ದಾಟಲು ಕಟ್ಟುವ ಸುಂಕ ಅದು. ಸುಂಕ ಕಟ್ಟಿದವಳು ಮಜಾ ಮಾಡಲಿಕ್ಕೇ ಹೊರಟಿರುತ್ತಾಳೆ ಎಂದು ಊರಿಗೆ ಊರೇ ಒಪ್ಪಿಕೊಂಡಾಗಿದೆ.

ಮೂಳೆ ಕೊಳ್ಳಲು ಬಂದಿದ್ದ ಮಾಲ್ಸೂನ್ ಕೂಡ ನಕ್ಕಳು. ಅವಳು ಹೊರಟಿದ್ದದ್ದು ಆಸ್ಪತ್ರೆಗೆ.

ಜಠರದಲ್ಲಿ ಗೆಡ್ಡೆ. ನಾಳೆ ಬೆಳಿಗ್ಗೆ ಸೇರಬೇಕು, ಅದರ ಮಾರನೇ ದಿನ ಕೊಯ್ಯುತ್ತಾರೆ. ಎಷ್ಟು ಹರಡಿದೆಯೆಂದು ಹೊಟ್ಟೆ ತೆರೆದ ಮೇಲೆಯೇ ಹೇಳಲಾಗುವುದು ಎಂದಿದ್ದ ಡಾಕ್ಟರು, ಅವಳು ಎದ್ದು ನಿಂತಾಗ ಇನ್ನೊಂದು ಮಾತು ಸೇರಿಸಿದ್ದರು: "ಒಬ್ಬರೇ ಬರಬೇಡಿ. ಮನೆಯವರು ಒಬ್ಬರು ಜೊತೆಗಿರಲೇಬೇಕು." ಇಷ್ಟನ್ನೇ ಅವಳು ಮನೆಯಲ್ಲಿ ಹೇಳಬೇಕಾಗಿದ್ದದ್ದು. ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಅಡ್ಡ ಕೂತು ಎಷ್ಟೋ ದಿನವಾಗಿತ್ತು. ಮಾಲ್ಸೂನ್ ಎಂದರೆ ಕೊನೆಯವಳು. ಹೆಣ್ಣು ಇನ್ನು ಸಾಕಪ್ಪಾ ಎಂದು ಅಪ್ಪ ಇಟ್ಟ ಹೆಸರು. ಸಾಕು ಅನ್ನಿಸಿಕೊಂಡೇ ಹುಟ್ಟಿದವಳಿಗೆ "ನನ್ನ ಜೊತೆ ಬನ್ನಿ" ಅನ್ನುವ ಮಾತು ಎಲ್ಲಿಂದ ಬರಬೇಕು? ಆದರೆ ಇವತ್ತು ಬಾಯಿ ಬಿಡದಿದ್ದರೆ ನಾಳೆ ಆ ಬಾಗಿಲಲ್ಲಿ ಅವಳೊಬ್ಬಳೇ.

ಮನೆಗೆ ಬಂದು ಮೂಳೆಗಳನ್ನು ತಣ್ಣೀರಿಗೆ ಹಾಕಿದಳು. ರಕ್ತ ಬಿಟ್ಟಂತೆಲ್ಲ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಆಮೇಲೆ ಒಂದು ಕುದಿ ಕುದಿಸಿ ಆ ನೀರನ್ನೂ ಚೆಲ್ಲಿ, ಮೂಳೆ ಒಂದೊಂದನ್ನೂ ತಿಕ್ಕಿ ತೊಳೆದು, ಮತ್ತೆ ಒಲೆಗಿಡಬೇಕು. ಮೂಲೆಯಲ್ಲಿ ಮಗಳು ಬೊರಾ ಕೊಟ್ಟ ಸ್ಲೋ ಕುಕ್ಕರ್ ಇತ್ತು. ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ತಂದಿದ್ದಳು. "ಹಾಕಿಬಿಡಮ್ಮ, ಮರೆತುಬಿಡಮ್ಮ, ಅದರ ಪಾಡಿಗೆ ಅದು ಬೇಯುತ್ತೆ. ಇನ್ಮೇಲೆ ನೀನು ಆರಾಮ." ಅದರಲ್ಲಿ ಇಟ್ಟ ಮೊದಲ ಮೂಳೆಸಾರು ತಿಳಿಯಾಗಿಯೇ ಉಳಿಯಿತು, ಬೆಳ್ಳಗಾಗಲಿಲ್ಲ. ಗಂಡ ಗಾಪ್ಸು ಚಮಚ ಎತ್ತಿ ನೋಡಿ "ದನ ಕಾಲು ತೊಳ್ಕೊಂಡ್ ಹೋದ ನೀರು" ಎಂದ. ಅಂದಿನಿಂದ ಅವಳು ಮೊದಲು ಗ್ಯಾಸಿನ ಮೇಲೆ ಹಾಲಿನಂತಾಗುವವರೆಗೆ ಭರಭರ ಕುದಿಸಿ, ಆಮೇಲೆ ಸ್ಲೋ ಕುಕ್ಕರಿಗೆ ಸುರಿಯುತ್ತಾಳೆ. ಮೊದಲು ಒಂದು ಪಾತ್ರೆ ತೊಳೆಯುತ್ತಿದ್ದಳು, ಈಗ ಎರಡು. ಆರಾಮ ಕೊಡುವ ಪಾತ್ರೆಯನ್ನೂ ತೊಳೆಯಬೇಕಾದವಳು ಅವಳೇ.

ಹಂಡೆ ಒಲೆಯ ಮೇಲಿರುವಾಗ ಅಡುಗೆಮನೆ ತೊಳೆಯಲು ಕೈ ಹಾಕಿದಳು. ಚಳಿಗಾಲದಿಂದೀಚೆಗೆ ಮೈಯಲ್ಲಿ ಕಸುವಿರಲಿಲ್ಲ; ನಾಳೆ ಮಾಡಿದರಾಯಿತು ಅಂದುಕೊಂಡದ್ದೆಲ್ಲ ಮೂಲೆ ಮೂಲೆಯಲ್ಲಿ ಕೂತು ಅವಳಿಗಾಗಿ ಕಾಯುತ್ತಿತ್ತು. ಒಲೆಯ ಮೇಲಿನ ಹೊಗೆಜಾಲರಿಯಿಂದ ಜೇನಿನ ಬಣ್ಣದ ಜಿಡ್ಡು ಇಳಿಬಿದ್ದಿತ್ತು. ಸಿಂಕಿನ ಅಂಚಿಗೆ ಕಪ್ಪು ಬೂಷ್ಟು. ಗಾಪ್ಸು ಕುಡಿದು ಉಳಿಸಿದ ಸೊಜು ಬಾಟಲಿಗಳನ್ನು ಹೊರಗೆಳೆದಳು. ಆ ಸಾರಾಯಿ ಮನುಷ್ಯನಿಗೆ ಏನು ಮಾಡುತ್ತದೋ, ಜಿಡ್ಡನ್ನಂತೂ ಚೆನ್ನಾಗಿ ಬಿಡಿಸುತ್ತದೆ. ಬಟ್ಟೆಗೆ ಸುರಿದು ಒರೆಸಿದಳು, ಹಳೇ ಟೂತ್‌ಬ್ರಷ್ಷಿನಿಂದ ಸಂದಿಸಂದಿ ತಿಕ್ಕಿದಳು. ನಡುನಡುವೆ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಮತ್ತೆ ಎದ್ದಳು.

ಕೊಯ್ಯಿಸಿಕೊಳ್ಳಲು ಹೊರಟವಳಿಗೆ ಯಾಕಪ್ಪ ಈ ಉಸಾಬರಿ ಎಂದು ಕೇಳುವವರು ಅವಳ ಅತ್ತೆ ಸತ್ತಾಗ ಆ ಮನೆಯಲ್ಲಿ ಇರಲಿಲ್ಲ. ಮಣ್ಣು ಮಾಡಿ ಬಂದ ಮಧ್ಯಾಹ್ನವೇ ಗಾಪ್ಸುವಿನ ಅಕ್ಕ ಮುದುಕಿಯ ಫ್ರಿಜ್ಜು ತೆರೆದಿದ್ದಳು. ಸುತ್ತ ನೆಂಟರ ಹೆಂಗಸರು ಮೂಗಿನ ಮೇಲೆ ಕೈಯಿಟ್ಟು ನಿಂತಿದ್ದರು. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದದ್ದೇನು, ನಾಲಗೆ ಲೊಚಗುಟ್ಟಿದ್ದೇನು! "ಅಯ್ಯಯ್ಯೋ, ಸಿಗಡಿ ಉಪ್ಪಿನಕಾಯಿ ನೋಡ್ರೇ, ಹುಳ! ನಮ್ಮಮ್ಮ ಹೀಗಾ ಬದುಕ್ತಿದ್ದಿದ್ದು?" ಒಂದು ಸಂಸಾರವನ್ನು ಜೀವಮಾನವಿಡೀ ಉಣ್ಣಿಸಿದವಳ ಬಗ್ಗೆ ಕೊನೆಗೆ ಉಳಿದ ಮಾತು ಆ ಹುಳವೊಂದೇ. ಗಂಡಸು ಸತ್ತರೆ ಅವನ ಜೇಬನ್ನೂ ಯಾರೂ ತಡಕುವುದಿಲ್ಲ. ಹೆಂಗಸಿನ ಮರಣೋತ್ತರ ಪರೀಕ್ಷೆ ಮಾತ್ರ ಅವಳ ಫ್ರಿಜ್ಜಿನಲ್ಲಿ ನಡೆಯುತ್ತದೆ.

ಮಾಲ್ಸೂನ್ ತನ್ನ ಫ್ರಿಜ್ಜಿನ ಒಂದೊಂದು ತಟ್ಟೆಯನ್ನೂ ಹೊರಗೆ ತೆಗೆದು ತೊಳೆದಳು.

ಹೆಸರೆತ್ತಿ ಕರೆದ ಹಾಗೆ ಮಧ್ಯಾಹ್ನ ಅದೇ ಅಕ್ಕ ಖಾಲಿ ಕಿಮ್ಚಿ ಡಬ್ಬಿ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ಮೂಗು ಅರಳಿಸಿದಳು. "ಓಹೋಹೋ! ಮಹಾರಾಣಿಯವರು ಎಲ್ಲಿಗೋ ಹೊರಟಿರೋ ಹಾಗಿದೆ? ಜೆಜು ದ್ವೀಪವಾ?"

"ಇಲ್ಲೇ ಅಕ್ಕ, ಸ್ವಲ್ಪ ದಿನ..."

"ಪುಣ್ಯ ಮಾಡಿದ್ದೀಯ ಬಿಡು. ನನ್ನ ತಮ್ಮ ದೇವರಂಥೋನು, ಕಳಿಸ್ತಾನೆ. ನಮ್ಮ ಕಾಲದಲ್ಲಿ ಅತ್ತೆಮನೆ ಬಾವಿಕಟ್ಟೆ ದಾಟಿದ್ರೆ ಕಾಲು ಮುರೀತಿದ್ರು." ಬಗ್ಗಿ ಸಿಂಕಿನ ಕೆಳಗೆ ನೋಡಿದಳು. "ಏನೇ ಇದು, ಮದುವೆಮನೆ ಹಾಗೆ ಹೊಳೀತಿದೆ?"

"ಅಕ್ಕಾ," ಎಂದಳು ಮಾಲ್ಸೂನ್. "ನನ್ನ ಹೊಟ್ಟೆ ಸರಿಯಿಲ್ಲ."

"ಈ ವಯಸ್ಸಲ್ಲಿ ಯಾರ ಹೊಟ್ಟೆ ಸರಿ ಇರುತ್ತೆ? ಬಸ್ಸು ಹತ್ತೋ ಮುಂಚೆ ಶುಂಠಿ ತಿನ್ನು." ಡಬ್ಬಿ ತುಂಬ ಮೂಲಂಗಿ ಹುಳಿಸಿ ಮಾಡಿದ ಕಿಮ್ಚಿ ತುಂಬಿಸಿಕೊಂಡು, ಸಾರು ಇಳಿಸಿದ ಮೇಲೆ ತನಗೂ ಒಂದು ಪಾತ್ರೆ ಎತ್ತಿಡಲು ಹೇಳಿ ಹೋದಳು.

ಬೊರಾಗೆ ಫೋನ್ ಮಾಡಿದಳು. ಆ ಕಡೆ ಮಗು ಕಿರುಚುತ್ತಿತ್ತು. "ಅಪ್ಪ ಹೇಳಿದ್ರು, ಅವರು ಕೆಲಸಕ್ಕೆ ಹೊರಡೋವಾಗ್ಲೇ ಮೂಳೆ ನೆನೆಹಾಕಿದ್ದೆಯಂತೆ," ಮಗಳು ನಕ್ಕಳು. "ಗೊಣಗ್ತಿದ್ರು, ಎಲ್ಲಿಗೆ ಅಂತಾನೂ ಹೇಳಿಲ್ಲ ನೋಡು ನಿಮ್ಮಮ್ಮ ಅಂತ. ಹೋಗಮ್ಮಾ, ಹಾಯಾಗಿ ಹೋಗು. ಫೋಟೋ ಕಳಿಸು. ಅಯ್ಯೋ, ಇವನು ಟೇಬಲ್ ಹತ್ತಿಬಿಟ್ಟ, ಆಮೇಲೆ ಮಾಡ್ತೀನಮ್ಮ!"

ಫೋನು ಕಟ್ಟಾಯಿತು. ಹಂಡೆಯ ಮೇಲೆ ತೇಲಿದ ಕೊಬ್ಬನ್ನು ಸೌಟಿನಿಂದ ತೆಗೆಯುತ್ತ ಅವಳು ನಿಂತೇ ಇದ್ದಳು. ಸಾರು ಬೆಳ್ಳಗಾಗಿತ್ತು. ಉಪ್ಪು ನೋಡಲು ಒಂದು ಚಮಚ ಬಾಯಿಗಿಟ್ಟಳು. ನುಂಗಲಾಗಲಿಲ್ಲ, ತಿಕ್ಕಿ ಹೊಳೆಯಿಸಿದ ಸಿಂಕಿಗೇ ಉಗಿದಳು. ಮತ್ತೆ ಸಿಂಕು ತೊಳೆದಳು.

ಕತ್ತಲಾಗುವ ಮುಂಚೆ ಗಾಪ್ಸು ಬಂದ. ಬಸ್ಸು ಓಡಿಸಿ ನಿವೃತ್ತನಾದವನು ಈಗ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಬೂಟು ಬಿಚ್ಚುತ್ತಲೇ ಮುಖ ಊದಿಸಿದ್ದ.

"ಎಷ್ಟು ದಿನ?"

"ಗೊತ್ತಿಲ್ಲರೀ."

"ಗೊತ್ತಿಲ್ವಾ? ಹಂಡೆ ಇಡೋಕೆ ಗೊತ್ತಾಯ್ತು, ದಿನ ಗೊತ್ತಿಲ್ವಾ? ಆ ಬೆಟ್ಟ ಹತ್ತೋ ಹೆಂಗಸರ ಜೊತೆ ತಾನೆ? ಕುಣೀರಿ, ಕುಣೀರಿ. ಗೇಟು ಕಾಯೋ ನಾಯಿಗೆ ಮೂಳೆ ಬೇಯಿಸಿಟ್ಟರೆ ಸಾಕಲ್ವಾ."

ಎಷ್ಟು ಸಲ ನುಂಗಿಕೊಂಡಿದ್ದಳೋ ಆ ಮಾತು ಈಗ ತಾನಾಗಿಯೇ ಹೊರಗೆ ಬಿತ್ತು. "ಆಸ್ಪತ್ರೆಗೆ ರೀ. ಹೊಟ್ಟೇಲಿ ಗೆಡ್ಡೆ ಇದೆ. ನಾಳೆ ಬೆಳಿಗ್ಗೆ ಸೇರಬೇಕು, ಕೊಯ್ತಾರೆ. ಮನೆಯವರು ಒಬ್ಬರು ಬರಲೇಬೇಕಂತೆ. ನೀವು ಬನ್ನಿ."

ಒಂದು ಬೂಟು ಗಾಪ್ಸುವಿನ ಕೈಯಲ್ಲೇ ಉಳಿಯಿತು. ಹಂಡೆಯ ಮುಚ್ಚಳ ಒಂದೇ ಸಮನೆ ತಟತಟ ಅನ್ನುತ್ತಿತ್ತು.

"ಕೆಟ್ಟದ್ದಾ?"

"ಹೌದಂತೆ."

ಅವನು ಅವಳ ಮುಖ ನೋಡಲಿಲ್ಲ. ಹಂಡೆಯನ್ನು ನೋಡಿದ. ಅಲ್ಲಿಂದ ಸ್ಲೋ ಕುಕ್ಕರನ್ನು ನೋಡಿದ. ತುಟಿ ಏನೋ ಲೆಕ್ಕ ಹಾಕುವಂತೆ ಅಲುಗಿತು. ಬಿಚ್ಚಿದ ಬೂಟನ್ನು ಮತ್ತೆ ತೊಟ್ಟು, ಬಾಗಿಲು ಎಳೆದುಕೊಂಡು ಹೊರಟುಹೋದ.

ಮಾಲ್ಸೂನ್ ಅಡುಗೆಮನೆಯ ನೆಲದ ಮೇಲೆ ಕೂತಳು. ಅಳಲಿಕ್ಕೆ ಹೋಗಿರಬೇಕು ಅಂದುಕೊಂಡಳು. ಈ ಗಂಡಸು ಅವನಮ್ಮ ಸತ್ತಾಗಲೂ ಮೆಟ್ಟಿಲ ಕೆಳಗೆ ಹೋಗಿ ಅತ್ತಿದ್ದ. ಅಳಲಿ. ಅತ್ತು ಬಂದು "ಬರ್ತೀನಿ" ಅಂದರಾಯಿತು. ಬೊರಾಗೆ ಫೋನ್ ಮಾಡುತ್ತಿರಬಹುದು. ಗೇಟಿನವರಿಗೆ ರಜೆ ಹೇಳುತ್ತಿರಬಹುದು. ನೆಲ ತಣ್ಣಗೆ, ನುಣ್ಣಗೆ ಇತ್ತು. ಜಾಲರಿಯಲ್ಲಿ ಸಂಜೆಯ ಬೆಳಕು ಹೊಳೆಯುತ್ತಿತ್ತು. ಬೆಳಗಿನಿಂದ ಮೊದಲ ಸಲ ಬೆನ್ನನ್ನು ಕಪಾಟಿಗೆ ಆನಿಸಿದಳು, ಕಣ್ಣು ಮುಚ್ಚಿದಳು. ನಾಳೆ ಆ ಉದ್ದನೆಯ ಓಣಿಯಲ್ಲಿ ಗಾಲಿಮಂಚದ ಪಕ್ಕ ಅವನ ಬೂಟಿನ ಸದ್ದು ಕೇಳಿಸಿದಂತಾಯಿತು.

ಬಾಗಿಲು ತೆರೆಯಿತು. ಗಾಪ್ಸು ಏದುಸಿರು ಬಿಡುತ್ತಿದ್ದ, ಕಣ್ಣು ಕೆಂಪಗಿತ್ತು. ಎರಡೂ ಕೈಯಲ್ಲಿ ತುಂಬಿದ ಪ್ಲಾಸ್ಟಿಕ್ ಚೀಲಗಳು.

"ಅಂಗಡಿ ಮುಚ್ತಿದ್ದ. ಬಾಗಿಲು ಬಡಿದು ತೆಗೆಸಿದೆ." ಚೀಲಗಳನ್ನು ಸಿಂಕಿನ ಪಕ್ಕ ಇಟ್ಟ. ಒಳಗಿದ್ದದ್ದು ಮೂಳೆ. "ಕೊಯ್ತಾರೆ ಅಂದ್ರೆ... ಬೇಗ ಬಿಡಲ್ಲ ಅಲ್ವಾ ಅವರು. ಆ ಒಂದು ಹಂಡೆ ಎಲ್ಲಿಗೆ ಸಾಲುತ್ತೆ?"

ಅವಳು ನೆಲದಿಂದಲೇ ಕೇಳಿದಳು, "ನಾಳೆ ಬರ್ತೀರಾ?"

ಗಾಪ್ಸು ಎರಡೂ ಕೈ ಜೇಬಿಗೆ ತುರುಕಿಕೊಂಡ. "ಅಲ್ಲಿ ನಾನೇನ್ ಮಾಡ್ಲಿ ಬೊರಾ ಅಮ್ಮ? ಆ ಡಾಕ್ಟರುಗಳ ಮಾತು ನನಗೆ ತಿಳಿಯುತ್ತಾ? ಅಕ್ಕನ್ನ ಕಳಿಸ್ತೀನಿ, ಅವಳು ಬಾಯಿಬಡುಕಿ, ಎಲ್ಲ ಕೇಳ್ತಾಳೆ." ಮೂಳೆಯ ಚೀಲಗಳ ಕಡೆ ಗದ್ದ ತೋರಿಸಿದ. "ಮತ್ತೆ ಇದು ಇಡೀ ದಿನ ಕುದೀಬೇಕಲ್ವಾ. ಬೆಳಿಗ್ಗೆ ನೀನು ಒಲೆ ಹಚ್ಚಿ ಹೋಗು. ಒಲೆ ಹಚ್ಚಿಟ್ಟು ಇಬ್ಬರೂ ಮನೆ ಬಿಟ್ಟರೆ ಬೆಂಕಿ ಬೀಳುತ್ತೆ. ನಾನು ಇಲ್ಲೇ ಇದ್ದು ನೋಡ್ಕೋತೀನಿ. ಎಷ್ಟು ಹೊತ್ತಿಗೆ ಆರಿಸಬೇಕು ಅಂತ ಮಾತ್ರ ಹೇಳು."

ಒಳಕೋಣೆಗೆ ಹೋದ. ಟೀವಿ ಹಚ್ಚಿದ ಸದ್ದು ಕೇಳಿತು, ತುಂಬ ಜೋರಾಗಿ, ಮನೆಯಲ್ಲಿ ಇನ್ನಾವ ಸದ್ದೂ ಕೇಳಿಸಬಾರದು ಅನ್ನುವಷ್ಟು ಜೋರಾಗಿ.

ಒಂದು ಚೀಲದ ತಳ ಹರಿದಿತ್ತು. ಬೆಳಗಿನಿಂದ ಮೊಣಕಾಲೂರಿ ತಿಕ್ಕಿದ್ದ ನೆಲದ ಮೇಲೆ ರಕ್ತದ ನೀರು ಬಳುಕುತ್ತ ಹರಿದು ಅವಳ ಕಾಲ್ಬೆರಳು ಮುಟ್ಟಿತು. ಕೂಗಬೇಕು ಅನ್ನಿಸಿತು, ಕೂಗಿದರೆ ಟೀವಿಯ ಸದ್ದು ಇನ್ನಷ್ಟು ಏರುತ್ತಿತ್ತು, ಅಷ್ಟೇ. ಕಪಾಟು ಹಿಡಿದುಕೊಂಡು ಎದ್ದಳು. ಒರಸುಬಟ್ಟೆ ತಂದು ನೆಲ ಒರೆಸಿದಳು. ತೊಳೆದು ಬೋರಲು ಹಾಕಿದ್ದ ದೊಡ್ಡ ಬೋಗುಣಿಯನ್ನು ಮಗುಚಿ, ಮೂಳೆಗಳನ್ನು ಸುರಿದು, ನಲ್ಲಿ ಬಿಟ್ಟಳು.

ನೀರು ಕೆಂಪಗಾಯಿತು. ಚೆಲ್ಲಿದಳು. ಮತ್ತೆ ಹಿಡಿದಳು. ಮತ್ತೆ ಕೆಂಪಗಾಯಿತು.