ಒಂದು ಗಂಟೆ ಹಾಲು ಕೊಡಬೇಡಿ

ಗೋಡೆ ಗಡಿಯಾರದ ದೊಡ್ಡ ಮುಳ್ಳು ಎಂಟರ ಮೇಲೆ ನಿಂತೇಬಿಟ್ಟಿದೆ, ಇಲ್ಲ, ನಡೆಯುತ್ತಿದೆ, ಅಂಗಿಯ ಎಡಗಡೆ ಆಗಲೇ ಒದ್ದೆ, ಪುಟ್ಟನಿಗೆ ವಾಸನೆ ಸಿಕ್ಕಿದೆ, ಮೂಗು ಉಜ್ಜುತ್ತಾನೆ, ಬಾಯಿ ತೆರೆದು ಹುಡುಕುತ್ತಾನೆ, ಇನ್ನು ಇಪ್ಪತ್ತು ನಿಮಿಷ ಮಗನೇ — ಒಂದು ಗಂಟೆ ಹಾಲು ಕೊಡಬೇಡಿ ಅಮ್ಮಾ, ಲ್ಯಾಬಿನ ಹುಡುಗಿಯ ಅಪ್ಪಣೆ, ಹೋದ ಸಲ ನಿಮ್ಮ ಹಾಲು ಬೆರೆತು ಪರೀಕ್ಷೆ ಕೆಟ್ಟೋಯ್ತು, ಮಗೂದು ಯಾವ್ದು ನಿಮ್ದು ಯಾವ್ದು ಗೊತ್ತಾಗ್ಲಿಲ್ಲ. ಹೋದ ಸಲ ಹೊಟ್ಟೆ ತುಂಬಿತ್ತು ಇವನಿಗೆ, ಆ ಉದ್ದನೆಯ ಹತ್ತಿಕಡ್ಡಿಯನ್ನು ನಾಲಿಗೆಯಿಂದ ತಳ್ಳಿ ತಳ್ಳಿ ಉಗುಳಿದ್ದ, ಶಹಬ್ಬಾಸ್ ಎಂದುಕೊಂಡಿದ್ದೆ ಒಳಗೊಳಗೇ, ಪರೀಕ್ಷೆ ಕೆಟ್ಟ ಸುದ್ದಿ ಬಂದ ದಿನ ಇವರು ಕೇಳಿದ್ದು, ಬೇಕಂತ್ಲೇ ಕುಡಿಸಿದ್ಯಾ? ಬೇಕಂತಲೇ. ನಾಲ್ಕು ತಿಂಗಳ ಕೂಸು ಅತ್ತಿತು, ಹಾಲು ಕೊಟ್ಟೆ, ಅದಕ್ಕೂ ಸಂಚು ಹೂಡಬೇಕೇ.

ಇವರದು ಕನ್ನಡಕದ ಅಂಗಡಿ, ದಿನವಿಡೀ ಕಂಡವರ ಕಣ್ಣ ಮುಂದೆ ಗಾಜು ಬದಲಾಯಿಸಿ ಈಗ ಚೆನ್ನಾಗಿ ಕಾಣುತ್ತಾ, ಈಗ, ಎಂದು ಕೇಳುವ ಕಸುಬು, ಅದೇ ಟಾರ್ಚನ್ನು ಒಂದು ದಿನ ತೊಟ್ಟಿಲಿನೊಳಗೆ ಹಿಡಿದರು, ಇದು ನಮ್ಮನೆ ಕಣ್ಣಲ್ವಲ್ಲ, ಬಾಗಿಲಲ್ಲಿ ನಿಂತಿದ್ದ ಅತ್ತೆ ಕಾದಿದ್ದವರಂತೆ, ನಮ್ಮ ಕಡೆ ಯಾರಿಗೂ ಬೆಕ್ಕಿನ ಕಣ್ಣಿಲ್ಲಪ್ಪ. ನಮ್ಮಜ್ಜಿಗೆ ಇತ್ತು, ಅಂದೆ. ಫೋಟೊ ತೋರ್ಸು. ಪೆಟ್ಟಿಗೆಯ ತಳದಿಂದ ಹುಡುಕಿ ತಂದೆ, ಕಪ್ಪುಬಿಳುಪು ಫೋಟೊ, ಭೂತಗನ್ನಡಿ ಹಿಡಿದು ನೋಡಿದರು ಮಹಾನುಭಾವರು, ಇದ್ರಲ್ಲೇನು ಬಣ್ಣ ಕಾಣುತ್ತೆ? ಆಮೇಲೆ ನೆನಪಾಯಿತು ಇವರಿಗೆ, ನಾನು ಕೆಲಸಕ್ಕೆ ಹೋಗುತ್ತಿದ್ದ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಬೈಂಡರ್, ಅವನಿಗಿದೆ ಬೆಕ್ಕಿನ ಕಣ್ಣು, ಹೌದು, ಬಸ್ಸಿಗೆ ಕಾದು ಕಾಲು ಊದಿಸಿಕೊಂಡಿದ್ದವಳನ್ನು ಸ್ಕೂಟರಿನಲ್ಲಿ ಮನೆಯವರೆಗೆ ಬಿಟ್ಟ ಪುಣ್ಯಾತ್ಮ, ಆಗ ನನಗೆ ಏಳು ತಿಂಗಳು, ಏಳು, ಹೊಟ್ಟೆಯಲ್ಲಿದ್ದವನು ಸ್ಕೂಟರಿನ ಮೇಲೆ ಕೂತು ಕಣ್ಣಿನ ಬಣ್ಣ ಬದಲಾಯಿಸಿಕೊಂಡನೇ, ಅವತ್ತು ಬಾಗಿಲು ತೆರೆದು ಅವನಿಗೆ ಟೀ ಮಾಡಿಸಿ ಕೊಟ್ಟವರೂ ಇವರೇ.

ಸುಮ್ನಿರ್ಸು, ಎಲ್ರೂ ನೋಡ್ತಿದಾರೆ. ಪಕ್ಕದ ಕುರ್ಚಿಯಿಂದ ಇವರು, ಪತ್ರಿಕೆಯಿಂದ ಕಣ್ಣು ಎತ್ತದೆ. ಸುಮ್ಮನಾಗಿಸುವುದು ಅಂಗಿಯ ಒಳಗಿದೆ, ಗುಂಡಿ ಹಾಕಿ ಕೂತಿದ್ದೇನೆ, ನೀವು ಹೇಳಿದ್ದಕ್ಕೇ ಹಾಕಿ ಕೂತಿದ್ದೇನೆ. ಇವರ ಕಡ್ಡಿ ಆಗಲೇ ಕೊಟ್ಟಾಗಿದೆ, ಹೊಟ್ಟೆತುಂಬ ತಿಂದು ಬಂದು, ಬಾಯಿ ಮುಕ್ಕಳಿಸಿ, ಆ ಎಂದು ತೆರೆದು. ಪುಟ್ಟನನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತೇನೆ, ಇವನ ಬೆವರು, ನನ್ನ ಬೆವರು, ಯಾವುದು ಯಾರದ್ದೆಂದು ತಿಳಿಯುವುದಿಲ್ಲ. ಹತ್ತು ದಿನಕ್ಕೆ ಕಾಗದ ಬರುತ್ತದೆ, ಅಪ್ಪ ಇವರೇ ಎಂದು ಬರೆದಿರುತ್ತದೆ, ಬೇರೆ ಏನು ಬರೆಯಲು ಸಾಧ್ಯ, ಆಗ ಹಲ್ಲು ಬಿಡುತ್ತಾರೆ, ನಂಗೊತ್ತಿತ್ತು ಬಿಡೇ, ಅಮ್ಮನ ಸಮಾಧಾನಕ್ಕೆ ಮಾಡ್ಸಿದ್ದು, ಅತ್ತೆ ಮೊಮ್ಮಗನಿಗೆ ಕೈ ಚಾಚುತ್ತಾರೆ — ಅವತ್ತು ಕಾಗದ ಇವರ ಕೈಗೆ, ಪುಟ್ಟ ನನ್ನ ಕಂಕುಳಿಗೆ, ಮನೆ ಬಿಟ್ಟು ಹೊರಟೆ. ಬೇಕಾದರೆ ಕಾಗದಕ್ಕೆ ಚೌಕಟ್ಟು ಹಾಕಿಸಿ ಇಬ್ಬರೂ ಮುದ್ದಾಡಲಿ.

ಬನ್ನಿ ಅಮ್ಮಾ, ಗಂಟೆ ಆಯ್ತು. ಕೈಗವಸಿನ ಹುಡುಗಿ, ಉಕ್ಕಿನ ತಟ್ಟೆ, ಪೊಟ್ಟಣ ಹರಿದು ತೆಗೆದ ಕಡ್ಡಿ, ಕೆನ್ನೆಯ ಒಳಗೆ ಒಂದಿಷ್ಟು ಉಜ್ಜಿದ್ರೆ ಆಯ್ತು, ಅಳ್ತಿರೋದೂ ಒಳ್ಳೇದೇ, ಬಾಯಿ ತೆರ್ದಿದೆ. ತುಟಿಗೆ ತಾಗಿತು ಅಷ್ಟೇ, ಅಳು ನಿಂತಿತು, ಹೋದ ಸಲ ಉಗುಳಿದವನು ಗಬಕ್ಕನೆ ಹಿಡಿದ, ಚೀಪಿದ, ಕೆನ್ನೆ ಒಳಗೆ ಹೋಗುವಷ್ಟು ಎಳೆದ. ಅಯ್ಯೋ ಕಂದಾ, ಅದು ಹಾಲಲ್ಲ, ಬಿಡು, ಹುಡುಗಿ ನಕ್ಕಳು, ಕಡ್ಡಿ ಎಳೆದರೆ ತಲೆಯೂ ಅದರ ಹಿಂದೆಯೇ ಬಂತು. ಈ ಸಲ ಚೆನ್ನಾಗಿ ಕೊಟ್ಟ ನೋಡು, ಇವರು, ಮುಗೀತಲ್ಲ, ಈಗ ಕುಡ್ಸು. ಅಪ್ಪಣೆಯಾಯಿತು. ಕುಡಿಸುತ್ತಿದ್ದೇನೆ. ಗುಟುಕು ಗುಟುಕಾಗಿ ಕುಡಿಯುತ್ತಿದ್ದಾನೆ, ಬಿಕ್ಕುತ್ತಾನೆ, ಮತ್ತೆ ಕುಡಿಯುತ್ತಾನೆ, ಹೊರಡುವ ದಿನ ಯಾವ ಚೀಲ, ಎಷ್ಟು ಬಟ್ಟೆ, ಅಕ್ಕನ ಮನೆಗೋ, ಬೈಂಡರನ ಕಡೆಗಂತೂ ಅಲ್ಲ, ಅಕ್ಕನಿಗೆ ಏನೆಂದು ಹೇಳಲಿ — ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಕಣ್ಣ ಮುಂದೆ ಆ ಕಡ್ಡಿ, ಏನೆಂದು ಹೇಳಲಿ, ಆ ಕಡ್ಡಿ, ಕಣ್ಣು ಮುಚ್ಚಿಕೊಂಡು, ಹಾಲು ಬರುತ್ತದೆಂದು, ಒಣ ಹತ್ತಿಯನ್ನು ಚೀಪುತ್ತಿದ್ದಾನೆ, ಚೀಪುತ್ತಿದ್ದಾನೆ