ದೂರುಗಳನ್ನಷ್ಟೇ ಓದಿದವಳು

"ಈ ಮನೆಗೆ ಬೀಗ ಬಿದ್ರೂ ಸರಿ, ಗೆಸ್ಟ್‌ಗಳಿಗೋಸ್ಕರ ಅಂತ ಇನ್ಮೇಲೆ ನಿನ್ನ ಕರೆಯಲ್ಲ" ಎಂದು ಅಡುಗೆಯಕ್ಕ ಮಗಳಿಗೆ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು.

ಹಿತ್ತಿಲ ನಲ್ಲಿಯ ಹತ್ತಿರ, ಕೈಯಲ್ಲಿ ಸೋಪಿನ ನೊರೆ ಇರುವಾಗಲೇ ಕೊಟ್ಟ ಮಾತು ಅದು. ಮಗಳಿಗಾಗ ಹದಿನಾಲ್ಕು. ಅವತ್ತು ಗಣಿತದ ಪರೀಕ್ಷೆ. ಮಹಡಿ ರೂಮಿನವರು ಗುಡ್ಡದ ಮೇಲಿಂದ ಸೂರ್ಯೋದಯ ನೋಡಬೇಕೆಂದರು. ಹುಡುಗಿ ಕರೆದುಕೊಂಡು ಹೋದಳು. ಇಳಿಯುವಾಗ ಅವರಲ್ಲೊಬ್ಬರಿಗೆ ಮೊಣಕಾಲು ಹಿಡಿದುಕೊಂಡಿತು. ಕೈಹಿಡಿದು ನಿಧಾನಕ್ಕೆ ಇಳಿಸಿಕೊಂಡು ಬರುವಷ್ಟರಲ್ಲಿ ಬಸ್ಸು ಹೋಗಿತ್ತು, ಪರೀಕ್ಷೆಯೂ ಹೋಗಿತ್ತು. ಹುಡುಗಿ ಅಳಲಿಲ್ಲ. ನಲ್ಲಿಯ ಕೆಳಗೆ ಕಾಲು ತೊಳೆದುಕೊಂಡು, "ಅಮ್ಮ, ಇವತ್ತು ಯಾರದಾದ್ರೂ ಕಂಪ್ಲೇಂಟ್ ಇದ್ಯಾ?" ಎಂದು ಕೇಳಿದಳು. ಅಷ್ಟೇ. ಆ ಪ್ರಶ್ನೆ ಕೇಳಿ ಅಡುಗೆಯಕ್ಕ ಪಾತ್ರೆ ಕೆಳಗಿಟ್ಟಳು. ಬಾಯಿಗೆ ಬಂದದ್ದು ಆ ಮಾತು.

ಹುಡುಗಿ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಹೋಂಸ್ಟೇ ಶುರುಮಾಡುವ ಮೊದಲು ಅಡುಗೆಯಕ್ಕ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹದಿನೈದು ವರ್ಷ ಒಲೆ ಕಾದವಳು. ಅಲ್ಲಿ ಗೋಡೆಗೆ ದಾರದಲ್ಲಿ ಕಟ್ಟಿದ್ದ ಒಂದು ದೂರು ಪುಸ್ತಕವಿತ್ತು. ದಿನಾ ಸಂಜೆ ಅದನ್ನು ಓದುವುದು, ಮಾರನೇ ದಿನ ಸರಿಮಾಡುವುದು. ಹೊಗಳಿಕೆ ಓದಿದರೆ ಹೊಟ್ಟೆ ತುಂಬುತ್ತದೆ, ದೂರು ಓದಿದರೆ ಕೆಲಸ ಆಗುತ್ತದೆ ಎಂಬುದು ಅವಳ ಲೆಕ್ಕ. ಕಾರ್ಖಾನೆ ಮುಚ್ಚಿತು, ಅದರ ಹಿಂದಿನ ವರ್ಷವೇ ಗಂಡ ತೀರಿಕೊಂಡಿದ್ದ. ಅವನು ಬಿಟ್ಟುಹೋದ ಮನೆಯ ಮೇಲೆ ಎರಡು ರೂಮು ಎಬ್ಬಿಸಿ, ಹೊರಬಾಗಿಲಿಗೆ ಬೋರ್ಡು ಹಾಕಿದಳು. ಜಗಲಿಯ ಮೇಜಿನ ಮೇಲೆ ದಪ್ಪ ರಟ್ಟಿನ ಅಭಿಪ್ರಾಯ ಪುಸ್ತಕವಿಟ್ಟಳು. ಗೆಸ್ಟ್‌ಗಳು ಹೊರಟುಹೋದ ಮೇಲೆ ಪುಟ ತಿರುಗಿಸಿ, 'ಆದರೆ' ಎಂಬ ಪದ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕುತ್ತಿದ್ದಳು. ಆದರೆ ನಲ್ಲಿ ತೊಟ್ಟಿಕ್ಕುತ್ತದೆ. ಆದರೆ ದಿಂಬು ಗಟ್ಟಿ. ಆದರೆ ಬೆಳಿಗ್ಗೆ ಪಂಪಿನ ಸದ್ದು. 'ಆದರೆ' ಇಲ್ಲದ ಪುಟವನ್ನು ಹಾಗೇ ಮಗುಚುತ್ತಿದ್ದಳು.

ಹದಿಮೂರು ವರ್ಷದಲ್ಲಿ ಅವಳು ಸರಿಮಾಡದೆ ಬಿಟ್ಟ ದೂರು ಒಂದೂ ಇರಲಿಲ್ಲ. ನಲ್ಲಿ ಬದಲಾಯಿತು, ದಿಂಬು ಬದಲಾಯಿತು, ಪಂಪು ಹಿತ್ತಿಲ ಕೊನೆಗೆ ಹೋಗಿ ತನ್ನದೇ ಒಂದು ಗುಡಿಸಲಲ್ಲಿ ಕೂತಿತು. ಪರದೆಗಳಂತೂ ನಾಲ್ಕು ಸಲ ಬದಲಾದವು. ಅವನ್ನು ಹೊಲಿಯುತ್ತಿದ್ದವನು ಎದುರುಮನೆ ಟೈಲರಣ್ಣ.

"ಅಕ್ಕ, ನನ್ನ ಹೆಂಡ್ತಿಗೆ ಇಷ್ಟು ವರ್ಷದಲ್ಲಿ ಹೊಲಿದಿದ್ದಕ್ಕಿಂತ ನಿಮ್ಮ ಕಿಟಕಿಗೆ ಜಾಸ್ತಿ ಹೊಲಿದಿದೀನಿ" ಎನ್ನುತ್ತಿದ್ದ. "ಅವಳಿಗೆ ಗೊತ್ತಾದ್ರೆ ನಾನೂ ನಿಮ್ಮ ರೂಮಲ್ಲೇ ಇರಬೇಕಾಗುತ್ತೆ."

"ಬಾ, ರೂಮು ಖಾಲಿನೇ ಇದೆ" ಎಂದಿದ್ದಳು ಅಡುಗೆಯಕ್ಕ ಕಳೆದ ಸಲ. ತಮಾಷೆಗೆ ಹೇಳಿದ್ದು. ಇಬ್ಬರೂ ನಗಲಿಲ್ಲ.

ಖಾಲಿಯೇ ಇತ್ತು. ಮಗಳು ಹದಿನಾರಕ್ಕೆ ಓದಲು ಪಟ್ಟಣಕ್ಕೆ ಹೋದಳು. ಈಗ ಅಲ್ಲೇ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅವಳು ಹೋದ ಮೊದಲೆರಡು ವರ್ಷ ಗೆಸ್ಟ್‌ಗಳು ಬಂದರು. ಆಮೇಲೆ ಒಂದೊಂದೇ ಗುಂಪು ತಪ್ಪುತ್ತಾ ಬಂತು. ಈ ವರ್ಷ ನಾಲ್ಕು ತಿಂಗಳಿಂದ ಮಹಡಿ ಮೆಟ್ಟಿಲು ಹತ್ತಿದವಳೆಂದರೆ ಅಡುಗೆಯಕ್ಕ ಒಬ್ಬಳೇ, ಅದೂ ಕಸ ಗುಡಿಸಲು. ಯಾರೂ ಮಲಗದ ಹಾಸಿಗೆಯ ಹೊದಿಕೆಯನ್ನು ವಾರಕ್ಕೊಮ್ಮೆ ತೆಗೆದು ಒಗೆದು ಮತ್ತೆ ಹಾಸುತ್ತಿದ್ದಳು. ರಾಶಿ ಪಾತ್ರೆ ತೊಳೆದ ಕೈ. ಈಗ ಒಂದು ತಟ್ಟೆ, ಒಂದು ಲೋಟ. ತೊಳೆದು ಮುಗಿದ ಮೇಲೂ ಕೈ ನೀರಲ್ಲೇ ಇರುತ್ತಿತ್ತು.

ದೂರದ ಊರಿನ ಒಂದು ಹಾಸ್ಟೆಲ್‌ನವರು ಅಡುಗೆಗೆ ಜನ ಬೇಕೆಂದು ಹೇಳಿಕಳಿಸಿದ್ದರು. ಅಲ್ಲೇ ಇರಬೇಕು. ತಿಂಗಳ ಕೊನೆಯೊಳಗೆ ಬರುತ್ತೀಯೋ ಇಲ್ಲವೋ ಹೇಳು ಎಂದಿದ್ದರು. ಈ ಸೀಸನ್ನಿಗೆ ಒಂದು ಒಳ್ಳೆ ಗುಂಪು ಬಂದರೆ ಇಲ್ಲೇ ಇರುವುದು, ಇಲ್ಲದಿದ್ದರೆ ಬೀಗ ಹಾಕುವುದು ಎಂದು ಅಡುಗೆಯಕ್ಕ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಮಗಳಿಗೆ ಹೇಳಿರಲಿಲ್ಲ.

ಆ ವಾರವೇ ಕಾಲೇಜಿನ ಮೇಡಂ ಬಂದದ್ದು. ಹಳ್ಳಿಯ ಹೋಂಸ್ಟೇಗಳಲ್ಲಿ ಕೆಲವು ಯಾಕೆ ನಡೆಯುತ್ತವೆ, ಕೆಲವು ಯಾಕೆ ನೆಲ ಕಚ್ಚುತ್ತವೆ ಎಂದು ಮನೆಮನೆ ತಿರುಗಿ ವಿಚಾರಿಸುವುದು ಅವರ ಕೆಲಸ. ಕೈಯಲ್ಲಿ ಹನ್ನೆರಡು ಪುಟದ ಫಾರಂ.

"ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕಮ್ಮ. ಸ್ವಚ್ಛತೆ?"

"ಐದು."

"ಸ್ವಲ್ಪ ಯೋಚನೆ ಮಾಡಿ."

"ಯೋಚನೆ ಯಾಕೆ ಮೇಡಂ, ನಾನೇ ತೊಳೆಯೋದು. ಬೇಕಾದ್ರೆ ಕಕ್ಕಸ್ಸಿನಲ್ಲೇ ಕೂತು ಬರ್ಕೊಳಿ."

ಮೇಡಂ ನಕ್ಕು ಐದು ಹಾಕಿಕೊಂಡರು. ಊಟ, ಹಾಸಿಗೆ, ಬಿಸಿನೀರು, ರಸ್ತೆ, ಫೋನಿನ ಸಿಗ್ನಲ್ಲು. ರಸ್ತೆಗೆ ಮಾತ್ರ ಎರಡು ಬಿತ್ತು.

"ಮನೆಮಂದಿ ಗೆಸ್ಟ್‌ಗಳ ಜೊತೆ ಬೆರೆಯೋದು?"

ಅಡುಗೆಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಮನೆಮಂದಿ ಅಂದ್ರೆ ಈಗ ನಾನೇ. ನಾನು ಒಲೆ ಮುಂದೆ ಇರ್ತೀನಿ."

ಮೇಡಂ ಆ ಜಾಗ ಖಾಲಿ ಬಿಟ್ಟರು. ಹಳೆಯ ಅಭಿಪ್ರಾಯ ಪುಸ್ತಕಗಳಿದ್ದರೆ ನೋಡಬಹುದೇ ಎಂದರು. ಟ್ರಂಕಿನಿಂದ ಐದು ಪುಸ್ತಕ ಬಂದವು. ಮೇಡಂ ಜಗಲಿಯಲ್ಲಿ ಕೂತು ಎರಡು ತಾಸು ಓದಿದರು. ಅಲ್ಲಲ್ಲಿ ಹಳದಿ ಚೀಟಿ ಇಟ್ಟರು. ಅಡುಗೆಯಕ್ಕ ಎರಡು ಸಲ ಕಾಫಿ ಕೊಟ್ಟಳು. ಎರಡನೇ ಲೋಟ ಆರಿಹೋಯಿತು.

"ಅಮ್ಮ, ಈ ಹುಡುಗಿ ಯಾರು?"

"ಯಾವ ಹುಡುಗಿ?"

"ಎಲ್ಲಾ ಪುಟದಲ್ಲೂ ಇದಾಳಲ್ಲ. ಪುಟ್ಟಿ ಅಂತೆ, ಗುಡ್ಡಕ್ಕೆ ಕರ್ಕೊಂಡು ಹೋದಳಂತೆ, ಕಲ್ಲು ತೋರಿಸಿದಳಂತೆ."

"ನನ್ನ ಮಗಳು."

"ಎಲ್ಲಿದಾಳೆ?"

"ಕೆಲಸದಲ್ಲಿ. ಪಟ್ಟಣದಲ್ಲಿ."

ಮೇಡಂ ಪೆನ್ನು ಮುಚ್ಚಿದರು. "ನಾನು ಇಪ್ಪತ್ಮೂರು ಮನೆ ನೋಡಿ ಬಂದೆ. ಹಾಸಿಗೆ ಚೆನ್ನಾಗಿದ್ರೆ ಅದರ ಬಗ್ಗೆ ಯಾರೂ ಒಂದು ಸಾಲೂ ಬರೆಯಲ್ಲಮ್ಮ. ನಿಮ್ಮ ಮನೆಗೆ ಜನ ಬರ್ತಿದ್ದಿದ್ದೇ ಇವಳಿಗೋಸ್ಕರ. ಸೀಸನ್ನಿಗಾದ್ರೂ ಕರೆಸ್ಕೊಳಿ. ಅದು ಬಿಟ್ಟು ಮತ್ತೆ ಪರದೆ ಹೊಲಿಸಬೇಡಿ."

"ನಿಮಗೆ ಪರದೆ ವಿಷಯ ಹೇಗೆ ಗೊತ್ತು?"

"ಟೈಲರ್ ಅಂಗಡಿಯಲ್ಲಿ ದಾರಿ ಕೇಳಿದೆ."

ಮೇಡಂ ಹೋದ ಮೇಲೆ ಅಡುಗೆಯಕ್ಕ ಅದೇ ಕುರ್ಚಿಯಲ್ಲಿ ಕೂತಳು. ಹಳದಿ ಚೀಟಿಗಳನ್ನು ತೆಗೆಯದೆ, ಮೊದಲ ಪುಸ್ತಕದ ಮೊದಲ ಪುಟದಿಂದ ಓದಿದಳು. 'ಆದರೆ' ಇಲ್ಲದ ಪುಟಗಳನ್ನು.

ಹತ್ತು ವರ್ಷದ ಮಗಳು ಯಾರಿಗೋ ಬರಿಗಾಲಲ್ಲಿ ಬಂಡೆ ಹತ್ತುವುದು ಕಲಿಸಿದ್ದಳು. ಮಗ ತೀರಿಕೊಂಡಿದ್ದ ಒಬ್ಬ ಹೆಂಗಸಿನ ಪಕ್ಕ ಮಾತಾಡದೆ ಒಂದು ಗಂಟೆ ಕೂತಿದ್ದಳು. 'ಈ ಮಗು ಏನೂ ಕೇಳಲಿಲ್ಲ, ಅದಕ್ಕೇ ಎಲ್ಲ ಹೇಳಿದೆ' ಎಂದು ಆ ಹೆಂಗಸು ಬರೆದಿದ್ದಳು. ಹನ್ನೊಂದನೇ ವಯಸ್ಸಿನಲ್ಲಿ ತನಗೆ ಕತ್ತಲೆಂದರೆ ಭಯ ಎಂದು ಯಾರಿಗೋ ಹೇಳಿಕೊಂಡಿದ್ದಳು. ಅಡುಗೆಯಕ್ಕನಿಗೆ ಗೊತ್ತಿರಲಿಲ್ಲ. ಗೆಸ್ಟ್ ತುಂಬಿದ ದಿನಗಳಲ್ಲಿ ಮಗಳನ್ನು ಉಗ್ರಾಣದಲ್ಲಿ ಮಲಗಿಸುತ್ತಿದ್ದಳು, ದೀಪ ಆರಿಸಿ.

ಮತ್ತೆ ಮತ್ತೆ ಬರುತ್ತಿದ್ದದ್ದು ಒಂದು ಕಲ್ಲು. 'ಬಾಗಿದ ಬಂಡೆಯ ಒಳಮೈಗೆ ಬೆನ್ನು ಕೊಟ್ಟು ಕೂತರೆ, ಅಷ್ಟು ಕೆಳಗಿನ ಮನೆಯಲ್ಲಿ ಅಮ್ಮ ಪಾತ್ರೆ ಇಡುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಪುಟ್ಟಿ ಕಣ್ಣು ಮುಚ್ಚಿ, ಈಗ ದೊಡ್ಡ ಪಾತ್ರೆ, ಈಗ ಸೌಟು, ಈಗ ತಿಂಡಿ ಆಯ್ತು, ಇಳಿಯೋಣ ಅನ್ನುತ್ತಾಳೆ. ಒಂದೂ ತಪ್ಪಲಿಲ್ಲ.' ಬೇರೆ ಬೇರೆ ಕೈಬರಹದಲ್ಲಿ, ಬೇರೆ ಬೇರೆ ವರ್ಷದಲ್ಲಿ ಅದೇ ಮಾತು. ಇಷ್ಟು ವರ್ಷದಲ್ಲಿ ಅಡುಗೆಯಕ್ಕ ಆ ಗುಡ್ಡ ಹತ್ತಿರಲೇ ಇಲ್ಲ. ಗೆಸ್ಟ್‌ಗಳು ಹತ್ತುವ ಹೊತ್ತಿಗೆ ಅವಳ ತಿಂಡಿ ಒಲೆಯ ಮೇಲಿರುತ್ತಿತ್ತು.

ಶುಕ್ರವಾರ ಬ್ಯಾಂಕಿನವರ ಫೋನು ಬಂತು. ಮಗಳಿಗೆ ಹನ್ನೆರಡಾಗಿದ್ದಾಗ ಒಮ್ಮೆ ಗೆಸ್ಟ್ ಆಗಿ ಬಂದು ಹೋಗಿದ್ದ ಯಜಮಾನರು; ಈಗ ನಿವೃತ್ತರು.

"ಎಂಟು ಜನ ಇದೀವಮ್ಮ, ನಾಲ್ಕು ದಿನ. ಮೊಮ್ಮಕ್ಕಳನ್ನೂ ಕರ್ಕೊಂಡು ಬರ್ತೀವಿ. ಚೆನ್ನಾಗಿದ್ರೆ ಪ್ರತಿ ರಜೆಗೂ ನಿಮ್ಮಲ್ಲೇ. ಪುಟ್ಟಿ ಇರ್ತಾಳಲ್ಲ? ಮಕ್ಕಳಿಗೆ ಆ ಕಲ್ಲಿನ ಕಥೆ ಹೇಳಿ ಹೇಳಿ ತಲೆಕೆಡಿಸಿಟ್ಟಿದೀನಿ."

"ನಾಳೆ ಹೇಳ್ತೀನಿ ಸಾರ್."

"ಅವಳಿದ್ರೆ ಬರೋದು ಪಕ್ಕಾ ಅಂತ ಇಟ್ಕೊಳಿ."

ಶನಿವಾರ ಬೆಳಿಗ್ಗೆ ಅಡುಗೆಯಕ್ಕ ಮೂರನೇ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಗುಡ್ಡ ಹತ್ತಿದಳು. ಮಗಳಿಲ್ಲದೆಯೇ ತಾನೇ ಕರೆದುಕೊಂಡು ಹೋಗಿ ತೋರಿಸಬಹುದೇನೋ ಎಂಬ ಆಸೆ. ದಾರಿ ಗೊತ್ತಿರಲಿಲ್ಲ. ಎರಡು ಕವಲಿನ ಮರದ ಹತ್ತಿರ ನಿಂತು ಪುಸ್ತಕ ತೆಗೆದಳು. 'ಪುಟ್ಟಿ ಎಡಕ್ಕೆ ತಿರುಗಿದಳು' ಎಂದು ಯಾರೋ ಬರೆದಿದ್ದರು. ಎಡಕ್ಕೆ ತಿರುಗಿದಳು. 'ಇಲ್ಲಿ ಪುಟ್ಟಿ ನೀರು ಕುಡಿಯಲು ನಿಲ್ಲಿಸಿದಳು.' ನಿಂತು ನೀರು ಕುಡಿದಳು. ಕಂಡವರ ಅಕ್ಷರದ ಹಿಂದೆ ಹೆತ್ತ ಮಗಳ ಹೆಜ್ಜೆ ಹುಡುಕಿಕೊಂಡು, ಏದುಸಿರು ಬಿಡುತ್ತಾ, ಅಂತೂ ಬಾಗಿದ ಬಂಡೆ ಮುಟ್ಟಿದಳು.

ಒಳಮೈ ನುಣ್ಣಗೆ ಸವೆದಿತ್ತು. ಎಷ್ಟು ಬೆನ್ನು ಒರಗಿದ್ದವೋ. ಬೆನ್ನು ಕೊಟ್ಟು ಕೂತಳು. ಕೆಳಗೆ ಮನೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಹಿತ್ತಿಲಲ್ಲಿ ಒಗೆದು ಹಾಕಿದ ಬಿಳಿ ಹೊದಿಕೆ. ಕಣ್ಣು ಮುಚ್ಚಿ ಕಿವಿಗೊಟ್ಟಳು. ಗಾಳಿ. ಎಲ್ಲೋ ಒಂದು ನಾಯಿ. ಟೈಲರಣ್ಣನ ಮಿಷನ್ನು ಕೂಡ ಕೇಳಿಸಿತು, ಟರ್ರೆಂದು, ಕಿವಿಯ ಪಕ್ಕದಲ್ಲೇ. ತನ್ನ ಮನೆಯಿಂದ ಮಾತ್ರ ಏನೂ ಇಲ್ಲ. ಇನ್ನೊಂದಿಷ್ಟು ಹೊತ್ತು ಕಾದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲವಲ್ಲ ಎಂಬುದು ಆಮೇಲೆ ಹೊಳೆಯಿತು.

ಅಲ್ಲಿರುವಾಗಲೇ ಫೋನು ಹೊಡೆದುಕೊಂಡಿತು. ಮಗಳು.

"ಅಮ್ಮ, ಎಲ್ಲಿದೀಯ? ಗಾಳಿ ಸದ್ದು."

"ಹಿತ್ತಿಲಲ್ಲಿ. ಬಟ್ಟೆ ಒಣಗಿಸ್ತಿದೀನಿ."

"ಟೈಲರ್ ಮಾಮ ಫೋನ್ ಮಾಡಿದ್ರು. ಯಾರೋ ಎಂಟು ಜನ ಬರ್ತಾರಂತೆ, ನನ್ನ ಕೇಳಿದ್ರಂತೆ."

"ಅವನಿಗೆ ಹೇಳಿದ್ದೇ ತಪ್ಪು. ಅವನ ಸೂಜಿಗಿಂತ ಅವನ ಬಾಯಿ ಚೂಪು."

ಮಗಳು ಸ್ವಲ್ಪ ನಕ್ಕಳು. ಹಿಂದೆ ಗಾಜು ಉಜ್ಜುವ ಯಂತ್ರ ಕೊಯ್ಯೆನ್ನುತ್ತಿತ್ತು. "ನಾಲ್ಕು ದಿನ ರಜ ಇದೆ ನಂಗೆ. ಬರ್ಲಾ?"

ಅಡುಗೆಯಕ್ಕ ಬಂಡೆಗೆ ಅಂಗೈ ಊರಿದಳು. ಬಾ ಎಂಬ ಒಂದಕ್ಷರ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಮನೆ ಉಳಿಯುತ್ತದೆ. ಆದರೆ ಬ್ಯಾಂಕಿನವರಿಗೋಸ್ಕರ ಅಲ್ಲ, ನನಗೋಸ್ಕರ ಬಾ ಎಂದು ಹೇಳುವುದು ಹೇಗೆ? ಬ್ಯಾಂಕಿನವರು ಬರುವ ದಿನವೇ ಮಗಳೂ ಬಂದರೆ, ಮತ್ತೆ ನಸುಕಿಗೆ ಎದ್ದು ಚಪ್ಪಲಿ ಮೆಟ್ಟುವವಳು ಅವಳೇ. ಅಷ್ಟು ವರ್ಷ ಅವಳ ಕಾಲ ಮೇಲೆ ಮನೆ ನಡೆಸಿ, ಈಗ ಗೊತ್ತಾದ ಮೇಲೂ ಕರೆದರೆ ತಾಯಿ ಎನ್ನುವುದಕ್ಕೆ ಅರ್ಥವೇನು?

"ಬೇಡ ಕಣೆ" ಎಂದಳು. "ನಿನ್ನ ಕೆಲಸ ನೋಡ್ಕೋ. ನಾನೇ ತೋರಿಸ್ತೀನಿ ಅವರಿಗೆ."

"ನಿಂಗೆ ಆ ಕಲ್ಲು ಎಲ್ಲಿದೆ ಅಂತಾನೇ ಗೊತ್ತಿಲ್ಲ."

"ಹುಡುಕ್ತೀನಿ."

ಯಂತ್ರದ ಸದ್ದು ನಿಂತಿತು. "ನಾನೇ ಬರ್ತೀನಿ ಅಂದ್ರೂ ಬೇಡ್ವಾ?"

"ಬೇಡ."

"ಸರಿ ಬಿಡು" ಎಂದಳು ಮಗಳು. ಫೋನು ಇಟ್ಟುಬಿಟ್ಟಳು. ಕತ್ತಲಿಗೆ ಈಗಲೂ ಹೆದರುತ್ತೀಯಾ ಎಂದು ಕೇಳಬೇಕೆಂದಿದ್ದಳು ಅಡುಗೆಯಕ್ಕ. ಕೇಳಲಾಗಲಿಲ್ಲ.

ಇಳಿದು ಬಂದು ಬ್ಯಾಂಕಿನವರಿಗೆ ಫೋನು ಮಾಡಿದಳು. "ಮಗಳು ಇರಲ್ಲ ಸಾರ್. ನಾನು ಕರ್ಕೊಂಡು ಹೋಗ್ತೀನಿ. ದಾರಿ ನೋಡ್ಕೊಂಡು ಬಂದಿದೀನಿ."

"ಓಹೋ. ನೀವು ಬಂದ್ರೆ ಕೆಳಗೆ ಪಾತ್ರೆ ಸದ್ದು ಮಾಡೋರು ಯಾರಮ್ಮ?" ಅವರು ತಮಾಷೆಗೇ ಕೇಳಿದ್ದು. ಆಮೇಲೆ, "ಮನೇಲಿ ಮಾತಾಡಿ ಹೇಳ್ತೀನಿ" ಎಂದರು.

ಹೇಳಲಿಲ್ಲ. ಅವಳು ಒಂದು ವಾರ ಕಾದಳು. ತಿಂಗಳ ಕೊನೆಯ ದಿನ ಹಾಸ್ಟೆಲ್‌ನವರಿಗೆ ಬರುತ್ತೇನೆಂದು ತಿಳಿಸಿ, ಹಾಸಿಗೆಗಳನ್ನು ಸುತ್ತಿ ಕಟ್ಟಿದಳು, ಪರದೆಗಳನ್ನು ಇಳಿಸಿ ಮಡಿಚಿಟ್ಟಳು. ಐದು ಪುಸ್ತಕಗಳನ್ನು ಬಟ್ಟೆಯ ಚೀಲದಲ್ಲಿ ತನ್ನ ಜೊತೆಗೆ ಇಟ್ಟುಕೊಂಡಳು. ಟೈಲರಣ್ಣ ಬೋರ್ಡು ಬಿಚ್ಚಿಕೊಟ್ಟು, "ಅಕ್ಕ, ಮಗಳಿಗೆ ಹೇಳಿದ್ರಾ?" ಎಂದ. "ಹೋಗಿ ಸೇರಿದ ಮೇಲೆ ಹೇಳ್ತೀನಿ. ನೀನು ಮೊದಲೇ ಹೇಳಬೇಡ" ಎಂದಳು.

ಮುಂಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿದಳು. ಗೆಸ್ಟ್‌ಗಳಿಗೋಸ್ಕರ ಅವಳು ಮಗಳನ್ನು ಕರೆಯಲಿಲ್ಲ. ಕೊಟ್ಟ ಮಾತು ಉಳಿಯಿತು.